ಕೆಳಗಿನ ಮೆಟ್ಟಿಲಿನ ಕುಡಿಕೆ

ಆ ಊರಿನಲ್ಲಿ ಯಾವುದನ್ನೂ ಜನರನ್ನು ಕೇಳದೆ ಮಾಡುವಂತಿರಲಿಲ್ಲ. ಬಾವಿ ತೋಡುವುದಿದ್ದರೂ ಕೇಳಬೇಕು, ಬಾವಿ ಮುಚ್ಚುವುದಿದ್ದರೂ ಕೇಳಬೇಕು. ಸಂತೆ ಯಾವ ವಾರ, ದನ ಯಾವ ದಾರಿ, ಹೊಸ ಬೀದಿಗೆ ಯಾವ ಹೆಸರು, ಎಲ್ಲವನ್ನೂ ಕೇಳಬೇಕು. ಕೇಳುವುದಕ್ಕೊಂದು ಕ್ರಮವಿತ್ತು. ಕ್ರಮ ತಪ್ಪಿದ್ದು ಯಾರ ನೆನಪಿನಲ್ಲೂ ಇರಲಿಲ್ಲ.

ಕ್ರಮ ಹೀಗೆ. ಡಂಗುರದವನು ಪ್ರಶ್ನೆಯನ್ನು ಸಾರುತ್ತಾನೆ. ಮನೆಗೊಂದು ಮಣ್ಣಿನ ಕುಡಿಕೆ ಹಂಚುತ್ತಾರೆ. ಮನೆಯವರು ಬಾಗಿಲು ಹಾಕಿಕೊಂಡು, ಕುಡಿಕೆಯ ಬಾಯಿಗೆ ಬಾಯಿಟ್ಟು, ತಮ್ಮ ಮಾತನ್ನು ಅದರೊಳಗೆ ಹೇಳುತ್ತಾರೆ. ಉಟ್ಟು ಹಳೆಯದಾದ ಬಟ್ಟೆಯಿಂದ ಒಂದು ತುಂಡು ಹರಿದು ಮೇಲೆ ಕಟ್ಟುತ್ತಾರೆ. ಬಟ್ಟೆ ನೋಡಿದರೆ ಯಾರ ಮನೆಯ ಕುಡಿಕೆ ಎಂದು ಊರಿಗೆಲ್ಲ ತಿಳಿಯುತ್ತದೆ. ಬೆಳಕು ಹರಿಯುವ ಮುಂಚೆ ಅದನ್ನು ಚಾವಡಿಯ ಮೆಟ್ಟಿಲ ಮೇಲಿಟ್ಟು, ಹಿಂದೆ ತಿರುಗಿ ನೋಡದೆ ಮನೆಗೆ ಬರುತ್ತಾರೆ. ಮಾತು ಒಳಗೇ ಇರುತ್ತದೆ. ಹೇಳಿದವರ ದನಿಯಲ್ಲೇ, ಹೇಳಿದ ಹಾಗೆಯೇ, ಯಾರಾದರೂ ಬಿಚ್ಚುವವರೆಗೂ ಇರುತ್ತದೆ. ಒಮ್ಮೆ ಬಿಚ್ಚಿದರೆ ಒಮ್ಮೆ ನುಡಿದು ಹೋಗಿಬಿಡುತ್ತದೆ.

ಚಾವಡಿಯಲ್ಲಿ ಕಿವಿಗೊಡುವವರು ಮೂವರಿದ್ದರು. ಜನ ಅವರನ್ನು ಹಿರಿಕಿವಿ, ನಡುಕಿವಿ, ಕಿರಿಕಿವಿ ಎಂದು ಕರೆಯುತ್ತಿದ್ದರು. ಮೇಲಿನ ಮೆಟ್ಟಿಲಿನಿಂದ ಅವರು ಕುಡಿಕೆಗಳನ್ನು ಒಂದೊಂದಾಗಿ ಎತ್ತಿಕೊಳ್ಳುತ್ತಿದ್ದರು. ಹಿರಿಕಿವಿ ಬಟ್ಟೆ ಬಿಚ್ಚಿ ಕಿವಿ ಇಡುತ್ತಿದ್ದ. ತಲೆ ಅಲ್ಲಾಡಿಸಿ ಪಕ್ಕಕ್ಕಿಡುತ್ತಿದ್ದ. ಇನ್ನೊಂದು, ಮತ್ತೊಂದು. ಒಂದಕ್ಕೆ ಕಿವಿ ಇಟ್ಟಾಗ ಅವನ ಮುಖ ಅರಳುತ್ತಿತ್ತು. ಅವನು ಎದ್ದು ನಿಂತು ಆ ಮಾತನ್ನು ಸಾರಿ, "ಊರು ಹೀಗೆ ಹೇಳಿದೆ" ಎನ್ನುತ್ತಿದ್ದ. ಅಲ್ಲಿಗೆ ಮುಗಿಯಿತು. ಆ ಕುಡಿಕೆ ಯಾರದೋ ಅವರ ಬಾಗಿಲಿಗೆ ಒಂದು ಕೆಂಪು ದಾರ. ಮುಂದಿನ ಕೇಳಿಕೆಯಲ್ಲಿ ಅವರ ಕುಡಿಕೆಗೆ ಒಂದು ಮೆಟ್ಟಿಲು ಮೇಲೆ ಜಾಗ. ಒಂಬತ್ತು ಮೆಟ್ಟಿಲುಗಳಲ್ಲಿ ಕಿವಿಗೊಡುವವರು ಈಚಿನ ವರ್ಷಗಳಲ್ಲಿ ಮೇಲಿನ ಮೂರನ್ನು ದಾಟಿ ಕೆಳಗೆ ಇಳಿದದ್ದನ್ನು ಕಂಡವರಿಲ್ಲ.

ಕುಡಿಕೆ ಮಾಡುತ್ತಿದ್ದವಳು ಕೆಳಕೇರಿಯಲ್ಲಿದ್ದಳು. ಕೆರೆಯ ಏರಿಯ ಬುಡದಲ್ಲಿ ತಗ್ಗಾಗಿ ಕೂತ ನಲವತ್ತು ಮನೆಗಳ ಕೇರಿ ಅದು. ಅವಳನ್ನು ಎಲ್ಲರೂ ಕುಡಿಕೆಯವಳು ಎನ್ನುತ್ತಿದ್ದರು. ಏರಿಯ ಮಗ್ಗುಲಿನಿಂದ ಮಣ್ಣು ತರುವವಳು ಅವಳು. ತಿಗರಿ ತಿರುಗಿಸಿ, ಆವಿಗೆಯಲ್ಲಿ ಸುಟ್ಟು, ಮನೆಮನೆಗೆ ಹಂಚುವವಳೂ ಅವಳೇ. ಕೇಳಿಕೆಯ ದಿನ ನಸುಕಿನಲ್ಲಿ ಮೆಟ್ಟಿಲ ಮೇಲಿದ್ದ ಪ್ರತಿ ಕುಡಿಕೆಯ ಬಟ್ಟೆಯ ಸುತ್ತ ಹಸಿಮಣ್ಣು ಮೆತ್ತಿ ಭದ್ರ ಮಾಡುವ ಕೆಲಸವೂ ಅವಳದೇ. ಸಂಜೆಗೆ, ಬಿಚ್ಚದೆ ಉಳಿದ ಕುಡಿಕೆಗಳೆಲ್ಲ ಗಾಡಿಯಲ್ಲಿ ಅವಳ ಅಂಗಳಕ್ಕೆ ವಾಪಸು ಬರುತ್ತಿದ್ದವು. ಅವನ್ನು ಒಡೆದು, ಕುಟ್ಟಿ, ಪುಡಿ ಮಾಡಿ ಹೊಸ ಮಣ್ಣಿಗೆ ಬೆರೆಸಬೇಕು. ಹಳೆಯ ಓಡಿನ ಪುಡಿ ಸೇರಿದರೆ ಹೊಸ ಕುಡಿಕೆ ಬಿರಿಯುವುದಿಲ್ಲ.

ಒಡೆಯುವಾಗ ಒಳಗಿನ ಮಾತು ಹೊರಗೆ ಬರುತ್ತಿತ್ತು. ಒಮ್ಮೆ ನುಡಿದು ಅಂಗಳದ ಗಾಳಿಯಲ್ಲಿ ಕರಗುತ್ತಿತ್ತು. ಕುಡಿಕೆಯವಳು ಅದಕ್ಕೆ ಕಿವಿಗೊಡುತ್ತಿರಲಿಲ್ಲ. ಯಾರ ಮಾತಾದರೆ ಅವಳಿಗೇನು? ಮರದ ಕೊಡತಿ ಎತ್ತುವಳು, ಬಿಡುವಳು. ತನ್ನದನ್ನು ಮಾತ್ರ ಕೊನೆಗೆ ಉಳಿಸಿಕೊಳ್ಳುತ್ತಿದ್ದಳು. ಅದನ್ನು ಒಡೆದಾಗ ತನ್ನದೇ ದನಿ, ತಾನು ಹೇಳಿದ ಹಾಗೆಯೇ, ಎದುರಿಗೆ ಬಂದು ನಿಲ್ಲುತ್ತಿತ್ತು. ಇಪ್ಪತ್ತೆರಡು ವರ್ಷ ಅದು ಹಾಗೆ ಬಂದು ನಿಂತಿತ್ತು.

ಅವಳ ಬಾಗಿಲಲ್ಲಿ ಒಂದು ದಾರವೂ ಇರಲಿಲ್ಲ.

ಮೇಲುಬೀದಿಯಲ್ಲಿ ಇನ್ನೊಂದು ಬಾಗಿಲಿತ್ತು. ಅದರ ಮರವೇ ಕಾಣುತ್ತಿರಲಿಲ್ಲ. ಚಿಲಕಕ್ಕೆ ದಾರ, ಅಗುಳಿಗೆ ದಾರ, ತೋರಣದ ಹಾಗೆ ಮೇಲಿನಿಂದ ಕೆಳಗಿನವರೆಗೆ ಕೆಂಪು ದಾರ. ಆ ಮನೆಯಾಕೆಯನ್ನು ಊರು ದಾರದವಳು ಎಂದೇ ಕರೆಯುತ್ತಿತ್ತು. ಕುಡಿಕೆಯವಳೂ ದಾರದವಳೂ ಒಂದೇ ವರ್ಷ ಆ ಊರಿಗೆ ಸೊಸೆಯರಾಗಿ ಬಂದವರು. ಮೊದಲ ಕೇಳಿಕೆಯಲ್ಲಿ ಇಬ್ಬರೂ ಕೆಳಗಿನ ಮೆಟ್ಟಿಲಲ್ಲಿ ಅಕ್ಕಪಕ್ಕ ಕುಡಿಕೆ ಇಟ್ಟಿದ್ದರು. ಇಟ್ಟು, ಒಬ್ಬರನ್ನೊಬ್ಬರು ನೋಡಿ ನಕ್ಕಿದ್ದರು. ಆಮೇಲೆ ಒಬ್ಬಳ ಕುಡಿಕೆ ಮೆಟ್ಟಿಲು ಹತ್ತುತ್ತ ಹೋಯಿತು. ಇನ್ನೊಬ್ಬಳದು ಇದ್ದಲ್ಲೇ ಇತ್ತು.

ಸಂತೆಗೆ ಹೋಗಲು ಕುಡಿಕೆಯವಳಿಗೆ ಹತ್ತಿರದ ದಾರಿ ಬೇರೆ ಇತ್ತು. ಅವಳು ಮೇಲುಬೀದಿ ಬಳಸಿಯೇ ಹೋಗುತ್ತಿದ್ದಳು. ಆ ಬಾಗಿಲ ಮುಂದೆ ನಡಿಗೆ ನಿಧಾನವಾಗುತ್ತಿತ್ತು. ಹೊಸ ದಾರ ಯಾವುದು, ಬಿಸಿಲಿಗೆ ಬಣ್ಣ ಹೋದದ್ದು ಯಾವುದು ಎಂದು ಆ ಮನೆಯವರಿಗಿಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ದಾರ ಗಾಳಿಗೆ ಆಡಿದರೆ ಅವಳ ಎದೆಗೂಡಿನ ಕೆಳಗೆ ಏನೋ ಆಡುತ್ತಿತ್ತು. ಮನೆಗೆ ಬಂದು ತಣ್ಣೀರು ಕುಡಿಯುವಳು. ಅದು ಆರುತ್ತಿರಲಿಲ್ಲ.

"ಮತ್ತೆ ಆ ಬೀದೀಲಿ ಹೋಗಿದ್ಯಾ?" ಅವಳ ಅತ್ತೆ ಕೂತಲ್ಲಿಂದಲೇ ಕೇಳುವಳು.

"ಇಲ್ಲ."

"ಮುಖ ನೋಡಿದ್ರೆ ಗೊತ್ತಾಗ್ತದೆ. ಈ ಸಲ ಆವಿಗೆಗೆ ಸೌದೆ ತರಬೇಡ. ನಿನ್ನ ಹೊಟ್ಟೇಲಿರೋ ಕಿಚ್ಚಲ್ಲೇ ಸುಟ್ಟುಬಿಡು. ಉಳಿತಾಯ."

ಆ ವರ್ಷ ಡಂಗುರದವನು ಸಾರಿದ ಪ್ರಶ್ನೆ ಕೆರೆಯದು. ಕೆರೆಗೆ ಹೊಸ ತೂಬು ಇಡಬೇಕು, ನೀರು ಬಿಡುವ ಬಾಯಿ. ಏರಿಯನ್ನು ಎಲ್ಲಿ ಕಡಿಯಬೇಕು, ಮೂಡಣ ತುದಿಯಲ್ಲೋ ಪಡುವಣ ತುದಿಯಲ್ಲೋ? ಊರು ಹೇಳಲಿ.

ಡಂಗುರ ಹೊಡೆಯುವ ಎಂಟು ದಿನ ಮೊದಲೇ ತೂಬಿನ ಕಲ್ಲುಗಳು ಪಡುವಣ ತುದಿಗೆ ಬಂದು ಬಿದ್ದಿದ್ದವು. ಎಲ್ಲರೂ ನೋಡಿದ್ದರು. ಯಾರೂ ಏನೂ ಅಂದಿರಲಿಲ್ಲ.

ಕುಡಿಕೆಯವಳು ಕಲ್ಲು ನೋಡಿ ನಿಂತುಬಿಟ್ಟಳು. ಪಡುವಣ ಏರಿಯ ಹೊಟ್ಟೆ ಟೊಳ್ಳು. ಮಣ್ಣು ತೆಗೆಯುವವಳಿಗೆ ಅದು ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು? ಒಮ್ಮೆ ಅಲ್ಲಿ ಹಾರೆ ಹಾಕಿದಾಗ ಅದು ಬೆಣ್ಣೆಗೆ ಇಳಿದ ಹಾಗೆ ಇಳಿದು, ಕೈ ಜಾರಿ, ಪೂರ್ತಿ ಒಳಗೆ ಹೋಗಿ ಮತ್ತೆ ಸಿಕ್ಕಿರಲಿಲ್ಲ. ಅಲ್ಲಿ ಕಡಿದರೆ ಮೊದಲ ಮಳೆಗೇ ಏರಿ ಬಾಯಿಬಿಡುತ್ತದೆ. ನೀರು ನೇರ ಕೆಳಕೇರಿಗೆ ಇಳಿಯುತ್ತದೆ. ನಲವತ್ತು ಮನೆ, ತಿಗರಿ, ಆವಿಗೆ, ಎದ್ದು ಓಡಲಾರದ ಅತ್ತೆ, ಎಲ್ಲ ಕೆರೆಯ ಪಾಲು.

"ಹೇಳು ಮತ್ತೆ ಕುಡಿಕೆಯೊಳಗೆ" ಎಂದಳು ಅತ್ತೆ.

"ಹೇಳಿದರೆ ಯಾರು ಕೇಳ್ತಾರತ್ತೆ? ನಮ್ಮದು ಮೇಲಿನಿಂದ ಒಂಬತ್ತನೇ ಮೆಟ್ಟಿಲು."

"ಆ ದಾರದವಳು ಹೇಳಿದ್ರೆ ಕೇಳ್ತಾರೆ."

"ಹೂಂ. ಅವಳು ಕೆಮ್ಮಿದರೂ ಕೇಳ್ತಾರೆ."

ಅಂದಳು. ಅಂದ ಮೇಲೆ ಅವಳ ಕೈ ತಿಗರಿಯ ಮೇಲೆ ನಿಂತಿತು.

ಕೇಳಿಕೆಯ ದಿನ ನಸುಕಿನಲ್ಲಿ ಕುಡಿಕೆಯವಳು ಹಸಿಮಣ್ಣಿನ ಬುಟ್ಟಿ ಹಿಡಿದು ಮೆಟ್ಟಿಲು ಹತ್ತಿದಳು. ಕೆಳಗಿನಿಂದ ಮೇಲಕ್ಕೆ ಒಂದೊಂದಕ್ಕೂ ಮಣ್ಣು ಮೆತ್ತುತ್ತ ಹೋದಳು. ಮೇಲಿನ ಮೆಟ್ಟಿಲಿನ ನಟ್ಟನಡುವೆ, ನೀಲಿ ಅಂಚಿನ ಸೀರೆಯ ತುಂಡು ಕಟ್ಟಿಕೊಂಡು, ದಾರದವಳ ಕುಡಿಕೆ ಕೂತಿತ್ತು. ಕುಡಿಕೆಯವಳು ತನ್ನದನ್ನು ಬುಟ್ಟಿಯಲ್ಲೇ ತಂದಿದ್ದಳು. ಬಟ್ಟೆ ಕಟ್ಟಿದ ಬಾಯಿಯನ್ನು ಅಂಗೈಯಲ್ಲಿ ಒತ್ತಿ ಹಿಡಿದು, ಗಂಟು ಸಡಿಲಿಸಿ, ನೀಲಿ ಅಂಚು ಇದಕ್ಕೆ ಕಟ್ಟಿದಳು, ತನ್ನ ಮಾಸಿದ ಕಾವಿ ಬಣ್ಣ ಅದಕ್ಕೆ ಕಟ್ಟಿದಳು. ಎರಡಕ್ಕೂ ಮಣ್ಣು ಮೆತ್ತಿದಳು. ದಾರದವಳ ಕುಡಿಕೆ ಎಂಟು ಮೆಟ್ಟಿಲು ಇಳಿದು ಕೆಳಗೆ ಕೂತಿತು.

ಬಟ್ಟೆ ಬದಲಿಸಿದವರಿಗೆ ಆ ಊರಿನ ಕಟ್ಟಳೆ ಸಣ್ಣದು. ಬದಲಾದ ಕುಡಿಕೆಯ ಮಾತು ಮಣ್ಣಾಗುತ್ತದೆ, ಕಿವಿಗೊಡುವವರು ತಾವು ತಿಳಿದದ್ದನ್ನು ಮಾಡುತ್ತಾರೆ. ಅದು ಅವಳಿಗೆ ಗೊತ್ತಿತ್ತು.

ಬಿಸಿಲೇರಿದ ಮೇಲೆ ಊರು ಚಾವಡಿಯ ಮುಂದೆ ಸೇರಿತು. ಹಿರಿಕಿವಿ ಮೊದಲ ಕುಡಿಕೆ ಬಿಚ್ಚಿದ, ತಲೆ ಅಲ್ಲಾಡಿಸಿದ. ಎರಡನೆಯದನ್ನು ಬಿಚ್ಚಿದ, ತಲೆ ಅಲ್ಲಾಡಿಸಿದ. ಮೂರನೆಯದಕ್ಕೆ ನೀಲಿ ಅಂಚು. ಅವನು ಅದನ್ನು ಬಿಚ್ಚುವ ಮೊದಲೇ ನಗುತ್ತ ಎದ್ದು ನಿಂತ. ನಿಂತುಕೊಂಡೇ ಕಿವಿ ಇಟ್ಟ.

ಅವನ ನಗು ಮುಖದಲ್ಲಿ ಇದ್ದಲ್ಲೇ ಒಣಗಿತು. ಕುಡಿಕೆಯನ್ನು ಕಿವಿಯಿಂದ ತೆಗೆದು ಅದರ ಒಳಗೆ ನೋಡಿದ. ನಡುಕಿವಿಯ ಕಡೆ ನೋಡಿದ. ಆದರೆ ಅವನು ಎದ್ದು ನಿಂತಾಗಿತ್ತು, ಊರು ಕಾಯುತ್ತಿತ್ತು, ನೀಲಿ ಅಂಚಿನ ಕುಡಿಕೆ ತಪ್ಪು ನುಡಿಯಿತು ಎಂದು ಹೇಳಿದವರು ಹಿಂದೆ ಯಾರೂ ಇರಲಿಲ್ಲ.

"ಪಡುವಣದಲ್ಲಿ ಬೇಡ. ಮೂಡಣದಲ್ಲಿ ಕಡಿಯಿರಿ." ಹಿರಿಕಿವಿ ಒಂದೊಂದೇ ಮಾತನ್ನು ಮುಳ್ಳು ಕಿತ್ತ ಹಾಗೆ ಕಿತ್ತು ಹೊರಗಿಟ್ಟ. "ಊರು ಹೀಗೆ ಹೇಳಿದೆ."

ಕೆಳಕೇರಿ ಉಳಿಯಿತು. ಕುಡಿಕೆಯವಳಿಗೆ ಉಸಿರು ಬಂತು. ಆದರೆ ಜನ ದಾರದವಳ ಕಡೆ ತಿರುಗಿದ್ದರು. "ನೋಡಿದ್ರಾ, ಎಷ್ಟು ಯೋಚನೆ ಮಾಡ್ತಾಳೆ ಮಹಾತಾಯಿ" ಎಂದು ಒಬ್ಬ. "ಕೆಳಕೇರಿಯೋರ ಮೇಲೆ ಎಂಥಾ ಕರುಳು" ಎಂದು ಇನ್ನೊಬ್ಬ. ಕೆಂಪು ದಾರದ ತಟ್ಟೆ ಮೇಲುಬೀದಿಯ ಕಡೆ ಹೊರಟಿತು. ಓಲಗ ಹಿಂದೆ ಹೊರಟಿತು.

ಇಪ್ಪತ್ತೆರಡು ವರ್ಷದ ಮೇಲೆ ತನ್ನ ದನಿ ಒಂದು ಕಿವಿಗೆ ಬಿದ್ದಿತ್ತು. ಅದಕ್ಕೆ ದಾರ ಕಟ್ಟುವ ಬಾಗಿಲು ಮಾತ್ರ ಬೇರೆ.

"ನಾನು" ಎಂದು ಒಂದು ಮಾತು ಅಂದರೆ ಸಾಕು, ದಾರ ಇಲ್ಲಿಗೆ ಬರುವುದಿಲ್ಲ, ಆದರೆ ಅಲ್ಲಿಗೂ ಹೋಗುವುದಿಲ್ಲ. ಆ ಒಂದು ಮಾತಿಗೆ ನಲವತ್ತು ಮನೆ ನೀರಲ್ಲಿ. ಅವಳು ತುಟಿ ಕಚ್ಚಿಕೊಂಡು ಮನೆಗೆ ಬಂದಳು. ಅತ್ತೆ ಕೇಳಿದಳು, "ಏನಾಯ್ತು?"

"ಉಳಿದೆವು."

"ಹಾಗಾದ್ರೆ ಯಾಕೆ ಸತ್ತೋರ ಮನೆಯೋಳ ಥರ ಇದೀಯ?"

ಮಾರನೆಯ ದಿನ ಮಧ್ಯಾಹ್ನ ಅವಳು ಅಂಗಳದಲ್ಲಿ ಕೂತು ಬಿಚ್ಚದೆ ಉಳಿದ ಕುಡಿಕೆಗಳನ್ನು ಒಡೆದಳು. ಈ ಸಲ ಕಿವಿಗೊಟ್ಟಳು. ಕಾವಿ ಬಟ್ಟೆಯದು ಕೈಗೆ ಬರುವವರೆಗೂ ಕಾಯಲಾರದೆ, ಯಾವುದರಲ್ಲಿ ಏನಿದೆ ಎಂಬ ಹೊಟ್ಟೆಕಿಚ್ಚಿನ ಚಪಲಕ್ಕೆ ಕಿವಿಗೊಟ್ಟಳು.

ಬಟ್ಟೆ ಒಗೆಯುವವನ ಕುಡಿಕೆ ಒಡೆಯಿತು. "ಪಡುವಣದಲ್ಲಿ ನಾನು ಒಗೆಯೋ ಕಲ್ಲಿನ ಹಿಂದೆ ಏರಿ ಬೆವರ್ತದೆ. ಒಳಗೆ ನೀರು ಓಡಾಡ್ತದೆ. ಅಲ್ಲಿ ಕಡೀಬೇಡಿ."

ಎಮ್ಮೆಯವಳ ಕುಡಿಕೆ ಒಡೆಯಿತು. "ನನ್ನ ಎಮ್ಮೆಗಳು ಪಡುವಣ ಏರಿ ಮೇಲೆ ಕಾಲಿಡಲ್ಲ. ಅಟ್ಟಿದರೂ ಇಡಲ್ಲ. ಅವಕ್ಕೆ ತಿಳಿದದ್ದು ನಿಮಗೆ ತಿಳೀಬಾರದಾ?"

ಮೀನು ಹಿಡಿಯುವ ಮುದುಕ ಏಡಿ ಬಿಲಗಳ ಮಾತು ಹೇಳಿದ. ಹುಲ್ಲು ಕೊಯ್ಯುವವಳು ಕಾಲ ಕೆಳಗೆ ಡೊಳ್ಳಿನ ಸದ್ದು ಬರುತ್ತದೆ ಎಂದಳು. ಹಾಗೆ ಹನ್ನೊಂದು. ಏಳನೆಯ ಮೆಟ್ಟಿಲಿನವು, ಎಂಟನೆಯವು, ಒಂಬತ್ತನೆಯವು. ಕೊಡತಿ ಎತ್ತಿದಂತೆಲ್ಲ ಅದೇ ಮಾತು ಬೇರೆ ಬೇರೆ ದನಿಯಲ್ಲಿ ಎದ್ದು ಬರುತ್ತಿತ್ತು.

ಕುಡಿಕೆಯವಳು ಕೊಡತಿ ಕೆಳಗಿಟ್ಟಳು. ಅವಳಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ತನಗೊಬ್ಬಳಿಗೇ ಗೊತ್ತು ಎಂದುಕೊಂಡಿದ್ದ ಒಂದೇ ಒಂದು ಮಾತು ಅದು. ದಾರವಿಲ್ಲದ ಬಾಗಿಲ ಹಿಂದೆ ಅವಳು ಬಚ್ಚಿಟ್ಟುಕೊಂಡಿದ್ದ ಆಸ್ತಿ ಅದು. ಅದೂ ಎಮ್ಮೆಯವಳ ಹತ್ತಿರ ಇತ್ತು. ಎಮ್ಮೆಗಳ ಹತ್ತಿರವೂ ಇತ್ತು.

ಕೊನೆಗೆ ಕಾವಿ ಬಟ್ಟೆಯ ಕುಡಿಕೆ, ಒಳಗೆ ದಾರದವಳ ಮಾತು. ಅವಳು ಅದನ್ನು ಮಡಿಲಲ್ಲಿಟ್ಟುಕೊಂಡಳು. ಇಷ್ಟು ವರ್ಷ ಮುಖ ಅರಳಿಸಿದ ಮಾತು ಎಂಥದಿರಬಹುದು? ಜೇನಿನ ಹಾಗೆ ಇರಬಹುದು. ಅದನ್ನು ಒಮ್ಮೆ ಕೇಳಿದರೆ ತಾನೂ ಹಾಗೆ ಹೇಳುವುದನ್ನು ಕಲಿಯಬಹುದು. ಕೊಡತಿ ಬಿಟ್ಟಳು.

ಓಡು ಚದುರಿತು. ಏನೂ ಬರಲಿಲ್ಲ. ಒಂದು ಸಣ್ಣ ಉಸಿರು, ನಿದ್ದೆಯಲ್ಲಿ ಮಗ್ಗುಲು ಬದಲಿಸುವವರ ಉಸಿರು, ಅಷ್ಟೆ.

"ಖಾಲಿ ಅಕ್ಕ. ಅದರಲ್ಲಿ ಏನೂ ಇಲ್ಲ."

ಅಂಗಳದ ಬಾಗಿಲಲ್ಲಿ ದಾರದವಳು ನಿಂತಿದ್ದಳು. ಆ ಕೇರಿಗೆ ಅವಳು ಬಂದು ಎಷ್ಟೋ ವರ್ಷವಾಗಿತ್ತು. ಅತ್ತೆ ಕಣ್ಣು ಕಿರಿದು ಮಾಡಿ ನೋಡಿ, "ಬಾರವ್ವ, ಕೂತ್ಕೊ. ಇಲ್ಲಿ ದಾರ ಇಲ್ಲ, ಚಾಪೆ ಇದೆ" ಎಂದಳು.

ದಾರದವಳು ಓಡಿನ ನಡುವೆ ಜಾಗ ಮಾಡಿಕೊಂಡು ಕೂತಳು.

"ಹಿರಿಕಿವಿ ಮೂಡಣ ಅಂತ ಸಾರಿದಾಗಲೇ ಗೊತ್ತಾಯ್ತು, ಆ ಕುಡಿಕೆ ನಂದಲ್ಲ ಅಂತ. ನಾನು ಕುಡಿಕೆಯೊಳಗೆ ಮಾತಾಡಿ ಹದಿನೆಂಟು ವರ್ಷ ಆಯ್ತು."

"ಸುಳ್ಳು" ಎಂದಳು ಕುಡಿಕೆಯವಳು.

"ಮೊದಮೊದಲು ಹೇಳ್ತಿದ್ದೆ. ನಿನ್ನ ಹಾಗೇ. ಒಂದ್ಸಲ ಗಂಟಲು ಬಾತು ದನಿ ಹೋಯ್ತು. ಅತ್ತೆಮನೆಯೋರು ಬೈತಾರೆ ಅಂತ ಖಾಲಿ ಕುಡಿಕೆಗೆ ಬಟ್ಟೆ ಕಟ್ಟಿ ಇಟ್ಟು ಬಂದೆ. ಅವತ್ತು ಮೊದಲನೇ ದಾರ ಬಂತು." ಅವಳು ಒಂದು ಓಡಿನ ಚೂರನ್ನು ಕಿವಿಗೆ ಹಿಡಿದಳು. "ಖಾಲಿ ಕುಡಿಕೆಗೆ ಕಿವಿ ಇಟ್ಟರೆ ಏನು ಕೇಳ್ತದೆ ಹೇಳು? ನಮ್ಮದೇ ರಕ್ತ ಹರಿಯೋ ಸದ್ದು. ಅವರಿಗೆ ಅದು ಅವರ ಮನಸ್ಸಲ್ಲಿದ್ದದ್ದೇ ಅನ್ನಿಸ್ತದೆ. ಊರು ನಮ್ಮ ಹಾಗೇ ಯೋಚನೆ ಮಾಡ್ತದಲ್ಲ ಅಂತ ಖುಷಿ."

"ಅದಕ್ಕೆ ಮುಖ ಅರಳೋದು" ಎಂದಳು ಅತ್ತೆ. "ನಾನು ಪಾಯಸದ ಘಮ ಬರ್ತದೇನೋ ಅಂದ್ಕೊಂಡಿದ್ದೆ."

"ನಿನ್ನ ಕಂಡರೆ ನನಗೆ ಹೊಟ್ಟೆ ಉರೀತಿತ್ತು ಅಕ್ಕ" ಎಂದಳು ದಾರದವಳು. "ಕೆಳಗೆ ಕೂತಿರ್ತಿತ್ತು ನಿನ್ನ ಕುಡಿಕೆ. ಅದರೊಳಗೆ ಮಾತಿದೆಯಲ್ಲ, ಪ್ರತಿ ಸಲ ಹೊಸದು ಹೇಳ್ತಾಳಲ್ಲ, ಇವಳಿಗೆ ಬೇಸರ ಬರೋದೇ ಇಲ್ವಾ ಅಂತ."

"ನಿನಗೆ? ನನ್ನ ಮೇಲೆ?"

ಕುಡಿಕೆಯವಳಿಗೆ ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಹೊಟ್ಟೆ ತಣ್ಣಗಾಯಿತು. ಅವಳು ಆ ಮಾತನ್ನು ಇನ್ನೊಮ್ಮೆ ಹೇಳಿಸಬೇಕು ಎನ್ನುವಷ್ಟರಲ್ಲಿ ದಾರದವಳು ತಾನು ಬಂದ ಕೆಲಸ ಹೇಳಿದಳು.

"ನಾಳೆ ಏರಿ ಮೇಲೆ ಮೂರು ಸಲ ಏಕೆ ಅಂತ ಕೇಳ್ತಾರೆ. ಏಕೆ ಪಡುವಣ ಬೇಡ ಅಂತ. ನನಗೆ ಗೊತ್ತಿಲ್ಲ. ಹೇಳಿಕೊಡು."

ಅದೂ ಕ್ರಮದಲ್ಲಿತ್ತು. ಕೆಲಸ ಶುರುವಾಗುವ ಮುಂಚೆ, ಮಾತು ಹೇಳಿದವರು ಊರೆದುರು ನಿಂತು ಕಾರಣ ಹೇಳಬೇಕು. ಮೂರು ಸಲ ಕೇಳಿದರೂ ಕಾರಣ ಬಾರದಿದ್ದರೆ ಆ ಮಾತು ಬಿದ್ದುಹೋಗುತ್ತದೆ, ಕಿವಿಗೊಡುವವರು ತಾವು ತಿಳಿದದ್ದನ್ನು ಮಾಡುತ್ತಾರೆ. ಕಾರಣ ಬೇರೊಬ್ಬರ ಬಾಯಲ್ಲಿ ಬಂದರೆ ಬಟ್ಟೆ ಬದಲಾಗಿದೆ ಎಂದು ತಿಳಿಯಬೇಕು. ದಾರದವಳಿಗೆ ಇದುವರೆಗೆ ಕಷ್ಟವಾಗಿರಲಿಲ್ಲ. ಹಿರಿಕಿವಿಯೇ ತನ್ನ ಕಾರಣವನ್ನು ಪ್ರಶ್ನೆಯೊಳಗೆ ಸೇರಿಸಿ ಕೇಳುತ್ತಿದ್ದ, ಅವಳು ಹೂಂ ಎನ್ನುತ್ತಿದ್ದಳು. ಈ ಸಲ ಅವನು ಸೇರಿಸುವುದಿಲ್ಲ.

ಕುಡಿಕೆಯವಳು ಎದ್ದು ಸೆರಗಿನ ಧೂಳು ಕೊಡವಿದಳು. ಹೊಟ್ಟೆಯಲ್ಲಿ ತಣ್ಣಗಾದದ್ದು ಮತ್ತೆ ಹೊತ್ತಿಕೊಂಡಿತ್ತು.

"ದಾರ ನಿನ್ನ ಬಾಗಿಲಿಗೆ. ದನಿ ನಂದು, ಅದೂ ನಿನ್ನ ಹೆಸರಿಗೆ ಹೋಯ್ತು. ಈಗ ಕಾರಣವೂ ಬೇಕಾ? ಊರೆದುರು ನಿಂತು, ಚೆನ್ನಾಗಿ ಸೀರೆ ಉಟ್ಟುಕೊಂಡು, ನನ್ನ ಮಾತು ನೀನು ಆಡ್ತೀಯ. ನಾನು ಕೆಳಗೆ ನಿಂತು ನೋಡಬೇಕು."

"ಕೇರಿ ನಿನ್ನದು ಅಕ್ಕ."

"ಗೊತ್ತು."

"ಮತ್ತೆ?"

"ಹೋಗು."

ದಾರದವಳು ಹೋದಳು. ಸಾಯಂಕಾಲ ದೀಪ ಹಚ್ಚುವಾಗ ಅತ್ತೆ ಇಷ್ಟೇ ಹೇಳಿದಳು: "ನನಗೆ ಈಜು ಬರಲ್ಲ. ನಿನಗೆ ನೆನಪಿರಲಿ ಅಂತ ಹೇಳಿದೆ."

ಮಾರನೆಯ ಬೆಳಿಗ್ಗೆ ಊರು ಏರಿಯ ಮೇಲೆ ನೆರೆಯಿತು. ಪಡುವಣ ತುದಿಯಲ್ಲಿ ಕಲ್ಲುಗಳ ರಾಶಿ ಹಾಗೇ ಇತ್ತು. ಅದನ್ನು ಸರಿಸಲು ಇನ್ನೂ ಯಾರಿಗೂ ಹೇಳಿರಲಿಲ್ಲ. ದಾರದವಳು ಹೊಸ ಸೀರೆ ಉಟ್ಟು ನಡುವೆ ನಿಂತಿದ್ದಳು. ನಡುಕಿವಿ, ಕಿರಿಕಿವಿ ಕೊಡೆಯ ಕೆಳಗೆ ಕೂತಿದ್ದರು.

"ಏಕೆ?" ಎಂದ ಹಿರಿಕಿವಿ.

ದಾರದವಳು ಬಾಯಿ ತೆರೆದಳು. ಏನೂ ಬರಲಿಲ್ಲ.

ಒಂದು ಏಕೆಗೂ ಇನ್ನೊಂದು ಏಕೆಗೂ ನಡುವೆ ಹಿರಿಕಿವಿ ಏರಿಯ ಉದ್ದಕ್ಕೂ ನಡೆದು ಹೋಗಿ ನಡೆದು ಬರಬೇಕು. ಅವನು ಹೊರಟ. ಅವಸರವಿಲ್ಲದೆ ಹೊರಟ. ಜನ ದಾರದವಳನ್ನು ನೋಡುತ್ತಿದ್ದರು. ಅವಳ ಹಣೆಯಲ್ಲಿ ಬೆವರು ಮೂಡುವುದನ್ನು, ಬೆರಳು ಸೆರಗನ್ನು ಹಿಂಡುವುದನ್ನು ಕುಡಿಕೆಯವಳು ಕೆಳಗಿನಿಂದ ನೋಡಿದಳು. ಕಣ್ಣು ತುಂಬ ನೋಡಿದಳು. ಊರು ಅವಳನ್ನು ಹೀಗೆ ನೋಡಿದ್ದು ಇದೇ ಮೊದಲು. ಹಬ್ಬದೂಟದ ಹಾಗಿತ್ತು ಅದು. ಹಿರಿಕಿವಿ ಹಿಂದಿರುಗುವವರೆಗೂ ಕುಡಿಕೆಯವಳು ಉಂಡಳು.

"ಏಕೆ?" ಎಂದ ಹಿರಿಕಿವಿ ಎರಡನೆಯ ಸಲ.

ದಾರದವಳು ತಲೆ ತಗ್ಗಿಸಿದಳು. ಹಿರಿಕಿವಿಯ ಮುಖ ಅರಳಿತು. ಖಾಲಿ ಕುಡಿಕೆಗೆ ಕಿವಿ ಇಟ್ಟಾಗ ಅರಳುತ್ತಿದ್ದ ಹಾಗೆಯೇ ಅರಳಿತು. ಅವನು ತಿರುಗಿ ನಡೆಯಲು ಶುರುಮಾಡಿದ. ಕೆಲಸದವರು ಪಡುವಣದ ಕಲ್ಲಿನ ಹತ್ತಿರ ಹೋಗಿ ಗುದ್ದಲಿ ಹಿಡಿದು ನಿಂತರು.

ಕೆಳಗೆ ಕೇರಿಯಲ್ಲಿ, ಬಾಗಿಲ ಹೊರಗೆ ಚಾಪೆ ಹಾಕಿಸಿಕೊಂಡು ಕೂತ ಅತ್ತೆ ಎಳ್ಳುಕಾಳಿನಷ್ಟು ಕಾಣುತ್ತಿದ್ದಳು.

ತಾನು ಬಾಯಿಬಿಟ್ಟರೆ ಬಟ್ಟೆ ಬದಲಾದದ್ದು ತಿಳಿಯುತ್ತದೆ. ಒಬ್ಬರ ಬಾಯಲ್ಲಿ ಬಂದರೆ ಆ ಒಬ್ಬರ ಕುಡಿಕೆ ಎಂದಾಗುತ್ತದೆ. ಹನ್ನೊಂದು ಬಾಯಲ್ಲಿ ಬಂದರೆ ಯಾರ ಕುಡಿಕೆ ಎನ್ನುತ್ತಾರೆ? ಇದು ಅವಳಿಗೆ ಹೊಳೆದಾಗ ಅದರ ಇನ್ನೊಂದು ಮಗ್ಗುಲೂ ಹೊಳೆಯಿತು. ಆಗ ಅದು ತನ್ನದು ಎಂದು ಯಾರೂ ಎಂದೂ ಅನ್ನುವುದಿಲ್ಲ. ಇವತ್ತೂ ಇಲ್ಲ, ಮುಂದೂ ಇಲ್ಲ. ಅವಳು ಒಂದು ಉಸಿರಿನಷ್ಟು ಹೊತ್ತು ನಿಂತಳು. ಹಿರಿಕಿವಿ ಅರ್ಧ ಏರಿ ದಾಟಿದ್ದ.

ಅವಳು ಜನರ ನಡುವೆ ನುಗ್ಗಿ ಬಟ್ಟೆ ಒಗೆಯುವವನ ತೋಳು ಹಿಡಿದಳು.

"ನಿನ್ನ ಒಗೆಯೋ ಕಲ್ಲಿನ ಹಿಂದೆ ಏರಿ ಬೆವರ್ತದೆ ಅಂದ್ಯಲ್ಲ. ಅದನ್ನ ಈಗ ಗಟ್ಟಿಯಾಗಿ ಹೇಳು."

ಅವನ ಮುಖ ಬಿಳಿಚಿತು. "ನಿನಗೆ ಹೇಗೆ ಗೊತ್ತು?"

"ಒಡೆಯೋಳು ನಾನಲ್ವಾ."

"ಎಲ್ಲಾ ಕೇಳಿಸ್ಕೊಂಡ್ಯಾ? ಮನೆಯೋಳ ಬಗ್ಗೆ ಅಂದಿದ್ದೂ?"

"ಅದನ್ನ ಯಾರಿಗೂ ಹೇಳಲ್ಲ. ಇದನ್ನ ಹೇಳು."

"ನಾನೊಬ್ಬನೇ ಹೇಳಿದರೆ ನನ್ನ ಕತ್ತಿಗೆ ಬರ್ತದೆ ತಾಯಿ."

"ಒಬ್ಬನೇ ಅಲ್ಲ. ಎಮ್ಮೆಯವಳೂ ಹೇಳ್ತಾಳೆ. ಮೂರನೇ ಏಕೆ ಬರಲಿ, ಎಲ್ಲ ಒಟ್ಟಿಗೆ."

ಎಮ್ಮೆಯವಳು, "ನನ್ನ ಎಮ್ಮೆ ವಿಷಯ ನಿನಗೆ ಯಾರು ಹೇಳಿದರೇ?" ಎಂದು ಜಗಳಕ್ಕೆ ಬಂದಳು. "ನೀನೇ ಹೇಳಿದ್ದು" ಎಂದಳು ಕುಡಿಕೆಯವಳು, "ಚೆನ್ನಾಗಿ ಹೇಳಿದ್ದೆ. ಹಾಗೇ ಹೇಳು." ಎಮ್ಮೆಯವಳಿಗೆ ಚೆನ್ನಾಗಿ ಹೇಳಿದ್ದೆ ಎಂದದ್ದು ಹಿಡಿಸಿತು. ಮೀನಿನ ಮುದುಕನಿಗೆ ಕಿವಿ ಮಂದ. ಅವನಿಗೆ ಎರಡು ಸಲ ಹೇಳಬೇಕಾಯಿತು. ಹುಲ್ಲು ಕೊಯ್ಯುವವಳು ಅಳಲು ಶುರುಮಾಡಿದಳು, ಅಳುತ್ತಲೇ ಹೂಂ ಎಂದಳು. ಒಬ್ಬೊಬ್ಬರಿಗೂ ಕುಡಿಕೆಯವಳು ಅವರವರ ಮಾತನ್ನೇ ಹಿಂದಕ್ಕೆ ಕೊಟ್ಟಳು. ಒಬ್ಬೊಬ್ಬರೂ ತಮ್ಮ ಮಾತನ್ನು ಯಾರೋ ಕೇಳಿದ್ದಾರೆ ಎಂದು ತಿಳಿದು ಮೊದಲು ಹೆದರಿದರು, ಆಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡರು. ತನಗೆ ಯಾರೂ ಹಾಗೆ ಬಂದು ಹೇಳಿರಲಿಲ್ಲವಲ್ಲ ಎಂದು ಪ್ರತಿ ಸಲವೂ ಅವಳ ಎದೆಗೂಡಿನ ಕೆಳಗೆ ಚುರುಕ್ ಎನ್ನುತ್ತಿತ್ತು. ಚುರುಕ್ ಎಂದರೂ ಕಾಲು ಮುಂದಿನವರ ಕಡೆ ಹೋಗುತ್ತಿತ್ತು.

ಹಿರಿಕಿವಿ ಹಿಂದಿರುಗಿ ಬಂದು ನಿಂತ.

"ಏಕೆ?"

ಬಟ್ಟೆ ಒಗೆಯುವವನು, "ಏರಿ ಬೆವರ್ತದೆ ಸ್ವಾಮಿ" ಎಂದ. ಅವನ ಮಾತು ಮುಗಿಯುವ ಮೊದಲೇ ಎಮ್ಮೆಯವಳು ಎಮ್ಮೆಗಳ ಮಾತು ತೆಗೆದಳು. ಮುದುಕ ಏಡಿ ಬಿಲ ಎಂದು ಕೂಗಿದ. ಹುಲ್ಲಿನವಳು ಡೊಳ್ಳು ಎಂದಳು. ಹನ್ನೊಂದು ದನಿ ಎದ್ದವು. ಆಮೇಲೆ ಹನ್ನೆರಡನೆಯದು, ಇಪ್ಪತ್ತನೆಯದು. ಯಾರೂ ಹೇಳಿಕೊಡದವರೂ ಹೇಳಿದರು. ಮೇಲುಬೀದಿಯವನೊಬ್ಬ, "ಕಲ್ಲು ಮೊದಲೇ ಯಾಕೆ ತಂದ್ರಿ?" ಎಂದು ಕೇಳಿದ. ಅವನಿಗೆ ಆರು ದಾರವಿತ್ತು. ಆ ಊರಲ್ಲಿ ಜನ ಒಬ್ಬರ ಮಾತನ್ನೊಬ್ಬರು ಕುಡಿಕೆಯಿಲ್ಲದೆ ಕೇಳಿದ್ದು ಅದೇ ಮೊದಲು. ಅರೆ, ನೀನೂ ಅದನ್ನೇ ಹೇಳಿದ್ಯಾ ಎಂದು ಪಕ್ಕದವರ ಮುಖ ನೋಡುತ್ತ, ನೋಡುತ್ತಲೇ ಇನ್ನಷ್ಟು ಜೋರಾಗಿ ಹೇಳಿದರು.

ಆ ಗದ್ದಲದ ನಡುವೆ ಕುಡಿಕೆಯವಳೂ ಬಾಯಿ ತೆರೆದಳು. ಹಾರೆ ಒಳಗೆ ಹೋದದ್ದನ್ನು ಹೇಳಿದಳು. ಇಪ್ಪತ್ತೆರಡು ವರ್ಷ ಕುಡಿಕೆಯೊಳಗೆ ಮೆಲ್ಲಗೆ ಆಡಿದವಳು ಗಂಟಲು ಬಿರಿಯುವ ಹಾಗೆ ಹೇಳಿದಳು. ತನ್ನ ದನಿ ಹೇಗಿದೆ ಎಂದು ಕೇಳಿಸಿಕೊಳ್ಳಲು ಕಿವಿ ನಿಮಿರಿಸಿದಳು. ಕೇಳಿಸಲಿಲ್ಲ. ಎಲ್ಲರದರ ಜೊತೆ ಸೇರಿಹೋಗಿತ್ತು. ಏರಿಯ ನಡುವೆ ದಾರದವಳ ತುಟಿಯೂ ಆಡುತ್ತಿತ್ತು. ದನಿ ಇತ್ತೋ, ಬರೀ ತುಟಿಯೋ, ಅಷ್ಟು ದೂರಕ್ಕೆ ತಿಳಿಯಲಿಲ್ಲ.

ಹಿರಿಕಿವಿ ಒಬ್ಬರ ಕಡೆ ಬೆರಳು ತೋರಿಸಲು ಕೈ ಎತ್ತಿದ. ಯಾರ ಕಡೆ ತೋರಿಸುವುದು? ಕೈ ಅಲ್ಲೇ ಸ್ವಲ್ಪ ಹೊತ್ತು ಇತ್ತು. "ಊರು ಹೀಗೆ" ಎಂದು ಶುರುಮಾಡಿದ. ಅವನ ಮಾತು ಯಾರಿಗೂ ಕೇಳಿಸಲಿಲ್ಲ. ಊರು ಇನ್ನೂ ಹೇಳುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಕಲ್ಲುಗಳು ಮೂಡಣಕ್ಕೆ ಹೊರಟವು. ಗಾಡಿ ಏರಿಯ ಮೇಲೆ ಬರುವಂತಿರಲಿಲ್ಲ, ಜನ ತಲೆಯ ಮೇಲೆ ಹೊತ್ತರು. ಉದ್ದಕ್ಕೆ ಸಾಲು. ದಾರಿಯುದ್ದಕ್ಕೂ ಮಾತು.

"ಮೊದಲು ಹೇಳಿದ್ದು ನಾನೇ ಕಣೋ" ಎನ್ನುತ್ತಿದ್ದ ಬಟ್ಟೆ ಒಗೆಯುವವನು.

"ಹೋಗೋ, ನಿನ್ನ ದನಿ ಯಾರಿಗೆ ಕೇಳಿಸ್ತು. ನಾನು ಏಡಿ ಅಂದ ಮೇಲೇ ಹಿರಿಕಿವಿ ಬೆಚ್ಚಿದ್ದು" ಎಂದ ಮುದುಕ.

"ದಾರದವಳು ಮೂರೂ ಸಲ ಬೇಕಂತಲೇ ಸುಮ್ಮನಿದ್ದಳು, ನಾವು ಮಾತಾಡಲಿ ಅಂತ" ಎಂದಿತು ಇನ್ನೊಂದು ದನಿ. "ದೊಡ್ಡ ಮನಸ್ಸು ಅವಳದು."

ಕುಡಿಕೆಯವಳು ಸಾಲಿನ ನಡುವೆ ಕಲ್ಲು ಹೊತ್ತು ನಡೆಯುತ್ತಿದ್ದಳು. ಅವಳ ಮುಂದೆ ಹೋಗುತ್ತಿದ್ದ ಎಮ್ಮೆಯವಳು ಕತ್ತು ತಿರುಗಿಸಲಾಗದೆ ಹಾಗೆಯೇ ಕೇಳಿದಳು.

"ಎಲ್ಲರನ್ನೂ ಎಬ್ಬಿಸ್ಕೊಂಡು ಓಡಾಡ್ತಿದ್ದೆ. ನೀನೂ ಏನಾದರೂ ಅಂದ್ಯೇನೇ?"

"ಅಂದೆ."

"ಏನಂದೆ?"

ನೀಲಿ ಅಂಚಿನ ಕುಡಿಕೆಯ ಮಾತು ತನ್ನದೆಂದು ಹೇಳಿಬಿಡಬೇಕು ಅನ್ನಿಸಿತು. ಕಲ್ಲುಗಳು ಮೂಡಣ ಮುಟ್ಟುವವರೆಗೂ ಹೇಳುವಂತಿರಲಿಲ್ಲ, ಮುಟ್ಟಿದ ಮೇಲೆ ಹೇಳಿದರೆ ನಂಬುವವರಿರಲಿಲ್ಲ. ನಾಲಿಗೆಯ ತುದಿಯಲ್ಲಿ ಅದು ಕೆಂಡದ ಹಾಗೆ ಕೂತಿತ್ತು.

"ನೀನು ಅಂದಿದ್ದನ್ನೇ" ಎಂದಳು ಕುಡಿಕೆಯವಳು.

"ಹಾಗಾದ್ರೆ ಸರಿ" ಎಂದಳು ಎಮ್ಮೆಯವಳು ತೃಪ್ತಿಯಿಂದ, ಮತ್ತು ಹೆಜ್ಜೆ ಬಿರುಸು ಮಾಡಿದಳು.